ಕಲ್ಲು ಹೆಕ್ಕಿದ ಮೇಲೆ ಆಟ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಮಕ್ಕಳು ಮೈದಾನದ ಒಂದು ತುದಿಯಲ್ಲಿ ಸಾಲಾಗಿ ನಿಂತಿರುತ್ತಾರೆ. ಯಾರ ಕೈಯಲ್ಲೂ ಸ್ಟಿಕ್ ಇಲ್ಲ. ಸೀಟಿ ಕೇಳಿದ ಕೂಡಲೇ ಎಲ್ಲರೂ ಸೊಂಟ ಬಗ್ಗಿಸಿ, ನೆಲ ನೋಡುತ್ತಾ, ಕಲ್ಲು ಹೆಕ್ಕುತ್ತಾ ಇನ್ನೊಂದು ತುದಿಗೆ ಹೊರಡುತ್ತಾರೆ. ಹಿಂದಿನ ಸಂಜೆಯ ಮಳೆ ಮೇಲ್ಮಣ್ಣನ್ನು ತೊಳೆದು ಒಳಗಿದ್ದ ಕಲ್ಲುಗಳನ್ನು ಹೊರಗೆ ತಂದಿರುತ್ತದೆ. ಹಾಕಿ ಚೆಂಡಿನ ತೂಕ ಹೆಚ್ಚೆಂದರೆ 163 ಗ್ರಾಂ, ಆದರೆ ಕಲ್ಲಿನಷ್ಟೇ ಗಟ್ಟಿ. ಓಡುವ ಚೆಂಡು ಕಡಲೆಕಾಳಿನಷ್ಟು ದಪ್ಪದ ಹರಳಿಗೆ ತಾಗಿದರೂ ಸಾಕು, ನೆಗೆದು ಮುಖಕ್ಕೇ ಬರುತ್ತದೆ. ಹಾಗಾಗಿ ದಿನದ ಮೊದಲ ಪಾಠ ಕಲ್ಲು ಹೆಕ್ಕುವುದು.

ಇದು ದಕ್ಷಿಣ ಕೊಡಗು, ಗೋಣಿಕೊಪ್ಪದಿಂದ ತುಸು ಒಳಗಿರುವ ಒಂದು ಊರಿನ ಶಾಲಾ ಮೈದಾನ. ಏಪ್ರಿಲ್ ತಿಂಗಳು. ಕಾಫಿ ಹೂ ಮುಗಿದು ಗಿಡದಲ್ಲಿ ಮಿಡಿ ಕಟ್ಟುತ್ತಿರುವ ಹೊತ್ತು. ಬೇಸಿಗೆ ಬಂತೆಂದರೆ ಜಿಲ್ಲೆಯ ಹಲವು ಊರುಗಳಲ್ಲಿ ಹೀಗೇ ಹಾಕಿ ಶಿಬಿರಗಳು ತೆರೆದುಕೊಳ್ಳುತ್ತವೆ. ಮಡಿಕೇರಿಯಲ್ಲಿ ವಾಂಡರರ್ಸ್ ಕ್ಲಬ್ ದಶಕಗಳಿಂದ ಶಿಬಿರ ನಡೆಸಿಕೊಂಡು ಬಂದಿದೆ. ಉಳಿದ ಕಡೆ ಊರಿನ ಯುವಕ ಸಂಘ, ಶಾಲೆಯ ದೈಹಿಕ ಶಿಕ್ಷಕರು, ಸೈನ್ಯದಿಂದಲೋ ರೈಲ್ವೆಯಿಂದಲೋ ನಿವೃತ್ತರಾಗಿ ಊರು ಸೇರಿದ ಹಳೆಯ ಆಟಗಾರರು ಸೇರಿ ಹೊಣೆ ಹೊರುತ್ತಾರೆ. ನಾನು ಒಂದಿಡೀ ದಿನ ಕಳೆದ ಶಿಬಿರದ ತರಬೇತುದಾರರು ಅಂಥವರಲ್ಲೊಬ್ಬರು. ಎಪ್ಪತ್ತರ ಹತ್ತಿರ ವಯಸ್ಸು, ಮೊಣಕಾಲು ನೋವು, ಕೈಯಲ್ಲಿ ಹಾಜರಿ ಪುಸ್ತಕ. ಸಂಬಳ ತೆಗೆದುಕೊಳ್ಳುವುದಿಲ್ಲ.

ಮೂರು ಸುತ್ತು ಓಟ, ಮೈ ಬಿಸಿ ಮಾಡುವ ಕಸರತ್ತು ಮುಗಿದ ಮೇಲೆ ಶಾಲೆಯ ಕೋಣೆಯ ಬಾಗಿಲು ತೆರೆಯುತ್ತದೆ. ಸ್ಟಿಕ್ ಕೊಳ್ಳಲಾಗದ ಮಕ್ಕಳಿಗೆ ಶಿಬಿರವೇ ಸ್ಟಿಕ್ ಕೊಡುತ್ತದೆ. ಯಾರೋ ಆಡಿ ಬಿಟ್ಟವು, ಯಾರೋ ದಾನ ಕೊಟ್ಟವು. ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ಹತ್ತು ವರ್ಷದ ಒಬ್ಬ ಹುಡುಗಿ ಗುಂಪಿನೊಳಗೆ ನುಗ್ಗಿ 17ನೇ ನಂಬರಿನದನ್ನೇ ಹುಡುಕಿ ತೆಗೆದಳು. ಅದರ ಹಿಡಿಯ ಟೇಪು ಬಿಚ್ಚಿಹೋಗಿ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಕೆಳಗಿನ ಕೊಕ್ಕೆಯ ತುದಿ ನೆಲಕ್ಕೆ ಉಜ್ಜಿ ಉಜ್ಜಿ ನಾರೆದ್ದಿದೆ. ಅವಳ ತಾಯಿ ತೋಟದ ಕೆಲಸಕ್ಕೆ ಹೋಗುವವರು. ಮೈದಾನಕ್ಕೆ ಎರಡು ಕಿಲೋಮೀಟರ್ ಕಾಫಿ ತೋಟದೊಳಗಿನ ದಾರಿ. ಆನೆಯ ಭಯವಿರುವುದರಿಂದ ನಾಲ್ಕಾರು ಮಕ್ಕಳು ಜೊತೆಗೂಡಿಯೇ ಬರುತ್ತಾರೆ.

ಹಾಕಿ ಸ್ಟಿಕ್ಕಿಗೆ ಎರಡು ಮುಖ. ಎಡಕ್ಕೆ ಬರುವ ಮುಖ ಚಪ್ಪಟೆ, ಬಲಕ್ಕೆ ಬರುವುದು ಉಬ್ಬು. ಚಪ್ಪಟೆ ಮುಖದಿಂದ ಮಾತ್ರ ಆಡಬೇಕು, ಉಬ್ಬಿನ ಬದಿ ತಾಗಿದರೆ ತಪ್ಪು. ಎಡಚರಿಗೆಂದು ಬೇರೆ ಸ್ಟಿಕ್ ಈ ಆಟದಲ್ಲಿ ಇಲ್ಲವೇ ಇಲ್ಲ. ಎಡಗೈ ಮೇಲೆ, ಬಲಗೈ ಕೆಳಗೆ. ಚೆಂಡನ್ನು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಒಯ್ಯಬೇಕೆಂದರೆ ಪ್ರತಿ ಸಲವೂ ಸ್ಟಿಕ್ಕನ್ನು ಮಗುಚಬೇಕು. ಜಗತ್ತೇ ಬೆರಗಾಗಿ ನೋಡಿದ ಭಾರತೀಯ ಡ್ರಿಬ್ಲಿಂಗಿನ ಗುಟ್ಟು ಇರುವುದು ಈ ಮಗುಚುವಿಕೆಯಲ್ಲಿ. ತಿರುಗಿಸುವ ಕೆಲಸವೆಲ್ಲ ಎಡಗೈಯದು. ಬಲಗೈ ಬಳೆಯ ಹಾಗೆ ಸಡಿಲವಾಗಿರಬೇಕು, ಸ್ಟಿಕ್ ಅದರೊಳಗೆ ಹೊರಳಬೇಕು. ತರಬೇತುದಾರರು ಹುಡುಗಿಯ ಬಲಗೈ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿ, "ಹಿಡೀಬೇಡ ಮರಿ, ಬಳೆ ಥರ ಇಟ್ಕೋ" ಅಂದರು. ಅವಳು ತನ್ನ ಬಲ ಮುಂಗೈಯಲ್ಲಿದ್ದ ಗಾಜಿನ ಬಳೆಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಆ ಬಳೆ ತೆಗೆದು ಜೇಬಿಗೆ ಹಾಕಿ ಆಡಲು ನಿಂತಳು. ಪಕ್ಕದಲ್ಲಿ ಒಬ್ಬ ಎಡಚ ಹುಡುಗ ಇದೇ ಕೆಲಸವನ್ನು ಎರಡೇ ದಿನದಲ್ಲಿ ಕಲಿತಿದ್ದ.

ಮಕ್ಕಳಿಗೆ ಹೊಡೆಯುವುದೇ ಇಷ್ಟ. ಚೆಂಡು ದೂರ ಹೋಗುವುದನ್ನು ನೋಡುವ ಆಸೆ ಯಾರಿಗಿಲ್ಲ? ಇಲ್ಲಿ ಮಾತ್ರ ಮೊದಲ ವಾರವೆಲ್ಲ ತಡೆಯುವುದನ್ನೇ ಕಲಿಸುತ್ತಾರೆ. ಬರುವ ಚೆಂಡನ್ನು ಸ್ಟಿಕ್ ತುಸು ಹಿಂದಕ್ಕೆಳೆದು ಸತ್ತ ಹಾಗೆ ಕಾಲಬುಡದಲ್ಲಿ ನಿಲ್ಲಿಸಬೇಕು. ನಿಂತರೆ ತಾನೇ ಮುಂದಿನ ಆಟ. ಇಡೀ ಬೆಳಗು ನನ್ನ ಕಿವಿಗೆ ಬಿದ್ದ ಮಾತು ಒಂದೇ: "ಬಗ್ಗು! ಇನ್ನೂ ಬಗ್ಗು!" ಅಷ್ಟು ಹೊತ್ತು ಬಗ್ಗಿಸಿ ಕಲ್ಲು ಹೆಕ್ಕಿಸಿದ್ದರ ಇನ್ನೊಂದು ಕಾರಣ ನನಗೆ ಆಗ ಹೊಳೆಯಿತು.

ಒಂಬತ್ತಕ್ಕೆ ಊರಿನ ಹೆಂಗಸರು ಬೇಯಿಸಿ ತಂದ ಮೊಟ್ಟೆ, ಬಾಳೆಹಣ್ಣು, ಬಿಸಿ ಹಾಲು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲ ಒಟ್ಟಿಗೆ ಕೇಳುವ ಜಾಗ ಆ ಹಾಲಿನ ಸಾಲು. ಪಾರಂಪರಿಕ ಜಮ್ಮಾ ಜಮೀನಿರುವ ದೊಡ್ಡ ಮನೆಯ ಮಗು ಮತ್ತು ತೋಟದ ಕೆಲಸಗಾರರ ಲೈನ್ ಮನೆಯ ಮಗು ಒಂದೇ ಸ್ಟೀಲ್ ಲೋಟಕ್ಕೆ ಕಾಯುತ್ತವೆ. ಕೊಡಗಿನ ಹಾಕಿ ಹೀಗೆ ಎಲ್ಲರದ್ದೂ ಆಗಿ ಉಳಿದಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಇಲ್ಲಿ ಈ ಆಟ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಕೊಡವ ಹಾಕಿ ಹಬ್ಬವನ್ನು ನೋಡಬೇಕು. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದಾಗ ಆಡಿದ್ದು 60 ಕುಟುಂಬಗಳ ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬಕ್ಕೆ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ತಂದೆ, ಮಗಳು, ಅಜ್ಜ ಒಂದೇ ತಂಡದಲ್ಲಿ ಇಳಿಯಬಹುದಾದ ಪಂದ್ಯಾವಳಿ ಅದು. ಇನ್ನು ದೇಶಕ್ಕೆ ಆಡಿದವರ ಹೆಸರು ಹೇಳಹೊರಟರೆ ಪುಟ ಸಾಲದು. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ. ಮಕ್ಕಳ ಬಾಯಲ್ಲಿ ಮಾತ್ರ ಹೆಚ್ಚು ಕೇಳುವ ಹೆಸರು ಎಸ್.ವಿ. ಸುನಿಲ್. ಸೋಮವಾರಪೇಟೆಯ ಬಡ ಮನೆಯಿಂದ ಬಂದು ಎರಡು ಒಲಿಂಪಿಕ್ಸ್ ಆಡಿದವರು. ಕೋಣೆಯ ಗೋಡೆಗೆ ಪತ್ರಿಕೆಯಿಂದ ಕತ್ತರಿಸಿದ ಅವರ ಚಿತ್ರವೊಂದನ್ನು ಯಾರೋ ಅನ್ನದಗುಳಿನಿಂದ ಅಂಟಿಸಿದ್ದಾರೆ.

ಆದರೆ ಮಣ್ಣಿನಲ್ಲಿ ಕಲಿತವರು ಮುಂದೆ ಹೋಗಬೇಕಾದ್ದು ಟರ್ಫಿಗೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದರು. ಆ ಸಲ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ನೀರು ಹಾಯಿಸಿದ ಟರ್ಫಿನಲ್ಲಿ ಚೆಂಡಿನ ವೇಗವೇ ಬೇರೆ, ಅದು ನೇರ ಬರುತ್ತದೆ, ಪುಟಿಯುವುದಿಲ್ಲ. ಕೂಡಿಗೆಯ ಕ್ರೀಡಾಶಾಲೆಗೋ ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯಕ್ಕೋ ಆಯ್ಕೆಯಾದ ಮಗು ಕಲಿತದ್ದನ್ನು ಅಲ್ಲಿ ಇನ್ನೊಮ್ಮೆ ಕಲಿಯಬೇಕು. ಊರ ಶಿಬಿರಕ್ಕೆ ಟರ್ಫ್ ಬರುವ ದಿನ ದೂರವೇ ಇದೆ. ಅಂಕುಡೊಂಕು ನೆಲದಲ್ಲಿ ಚೆಂಡು ಎತ್ತ ಹೊರಳುತ್ತದೋ ಎಂದು ಕೊನೆಯ ಗಳಿಗೆಯವರೆಗೂ ಕಣ್ಣಿಟ್ಟು ಕಾಯುವ ಮಕ್ಕಳಿಗೆ ಬೇರೊಂದು ಚುರುಕು ಬರುತ್ತದೆ ಎಂದು ತರಬೇತುದಾರರು ನಂಬುತ್ತಾರೆ. ಸಂಜೆಯ ಆಟ ನೋಡಿದ ಮೇಲೆ ನಾನೂ ನಂಬಿದೆ.

ಮಧ್ಯಾಹ್ನ ಮೂರಕ್ಕೆ ಗುಡುಗು, ಅರ್ಧ ಗಂಟೆ ಜಡಿಮಳೆ. ಮಕ್ಕಳು ಜಗಲಿಯಲ್ಲಿ ಕೂತು ಕಪ್ಪು ಹಲಗೆಯ ಮೇಲೆ ಪೆನಾಲ್ಟಿ ಕಾರ್ನರ್ ಪಾಠ ಕೇಳಿದರು. ಗೋಲಿನ ಗೆರೆಯ ಹಿಂದೆ ಐವರು ರಕ್ಷಕರು. ಅಂಚಿನಿಂದ ತಳ್ಳಿದ ಚೆಂಡು ಗೋಲಿನ ಮುಂದಿನ 'ಡಿ' ಆಕಾರದ ಗೆರೆ ದಾಟಿ ಹೊರಗೆ ಹೋಗಬೇಕು, ಆಮೇಲೆ ಒಳಗೆ ತಂದು ಹೊಡೆಯಬೇಕು. ಅಷ್ಟರಲ್ಲಿ ರಕ್ಷಕರು ಓಡಿ ಬಂದು ದಾರಿ ಮುಚ್ಚಬೇಕು. ಎಲ್ಲ ಮುಗಿಯುವುದು ಕೆಲವೇ ಸೆಕೆಂಡುಗಳಲ್ಲಿ.

ನಾಲ್ಕೂವರೆಗೆ ಪಂದ್ಯ. ಕೆಂಪು ನೀರು ನಿಂತ ಮೈದಾನದಲ್ಲಿ ಹುಡುಗ ಹುಡುಗಿಯರು ಸೇರಿ ಆಡಿದರು. ಜಾರಿ ಬಿದ್ದವರೇ ಹೆಚ್ಚು. ಕೊನೆಯ ನಿಮಿಷಗಳಲ್ಲಿ ಒಂದು ತಂಡಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಎದುರು ತಂಡದ ರಕ್ಷಕಿಯಾಗಿ 17ನೇ ನಂಬರಿನ ಹುಡುಗಿ ಗೋಲಿನ ಎಡಗಂಬದ ಪಕ್ಕ ನಿಂತಳು. ಅವಳಿಗಿಂತ ನಾಲ್ಕು ವರ್ಷ ದೊಡ್ಡ ಹುಡುಗ ಬೀಸಿ ಹೊಡೆದ. ಚೆಂಡು ಕೆಸರಿನಲ್ಲಿ ಒಮ್ಮೆ ಹೊರಳಿ ದಿಕ್ಕು ತಪ್ಪಿತು. ಅವಳು ಅಲುಗಲಿಲ್ಲ, ಮೊಣಕಾಲು ನೆಲಕ್ಕೆ ತಾಗುವಷ್ಟು ಬಗ್ಗಿ ಸ್ಟಿಕ್ ಅಡ್ಡ ಇಟ್ಟಳು. ಟಕ್ ಎಂದು ಸದ್ದಾಯಿತು. ಚೆಂಡು ಅವಳ ಕಾಲಬುಡದಲ್ಲಿ ನಿಂತಿತ್ತು. ತರಬೇತುದಾರರು ಚಪ್ಪಾಳೆ ತಟ್ಟಲಿಲ್ಲ. ಹಾಜರಿ ಪುಸ್ತಕ ತೆರೆದು ಏನೋ ಗುರುತು ಹಾಕಿಕೊಂಡರು.

ಸ್ಟಿಕ್ಕುಗಳನ್ನು ಒರೆಸಿ ಕೋಣೆಗೆ ಹಿಂತಿರುಗಿಸುವ ಹೊತ್ತು. ಅವಳು ಬಾಗಿಲ ಹೊರಗೇ ನಿಂತು, "ಸರ್, ಇದನ್ನ ಇವತ್ತೊಂದಿನ ಮನೆಗೆ ತಗೊಂಡು ಹೋಗ್ಲಾ? ಅಮ್ಮಂಗೆ ತೋರಿಸ್ಬೇಕು" ಅಂದಳು. ಕೋಣೆಯ ಸ್ಟಿಕ್ ಹೊರಗೆ ಹೋಗಬಾರದೆಂಬುದು ಶಿಬಿರದ ನಿಯಮ. ಅವರು ಪುಸ್ತಕದ ಕೊನೆಯ ಹಾಳೆ ತಿರುವಿ 17 ಎಂದು ಬರೆದು, ಪಕ್ಕದಲ್ಲಿ ಅವಳ ಕೈಯಲ್ಲೇ ಹೆಸರು ಬರೆಸಿದರು. ತೋಟದ ದಾರಿಯಲ್ಲಿ ಜೊತೆಗಾರರು ಕಾಯುತ್ತಿದ್ದರು. ಸ್ಟಿಕ್ಕನ್ನು ಹೆಗಲಿಗೇರಿಸಿ ಅವಳು ಓಡಿದಳು.