ಒಲೆಯ ಮಸಿ ಮತ್ತು ದೇಶದ ಕಾನೂನು

ಬಂಟ್ವಾಳದಿಂದ ಮೂಡುಬಿದಿರೆಯ ಕಡೆಗೆ ಹೋಗುವ ಮಾರ್ಗದಲ್ಲಿ ಸಿದ್ಧಕಟ್ಟೆ ಎಂಬ ಊರಿದೆ. ಈ ಸೀಮೆಯ ಅಡಕೆ ತೆಂಗುಗಳ ತೋಟದ ಮನೆಗಳಲ್ಲಿ, ಬಚ್ಚಲಿನ ಹಂಡೆಯ ಕೆಳಗೆ ಒಣಗಿದ ಮಡಲು, ಸೋಗೆ, ಗೆರಟೆಗಳನ್ನು ಉರಿಸುವ ವಾಡಿಕೆ ಬಹುಕಾಲದ್ದು. ಒಲೆಯ ಮೇಲಿನ ಅಟ್ಟವನ್ನು ಬೆರಳಿನಿಂದ ಒರಸಿದರೆ ಅಂಟುವ ಕಪ್ಪು ಪುಡಿಯೇ ಮಸಿ. ಗೋಡೆಗೆ ಹತ್ತಿದ ಈ ಮಸಿಗೂ ದೇಶದ ಶಾಸನಗಳಿಗೂ ಏನು ಸಂಬಂಧ?

ಸೌದೆ ಪೂರ್ಣವಾಗಿ ಉರಿದರೆ ಅದರ ಇಂಗಾಲವು ಆಮ್ಲಜನಕದೊಡನೆ ಕೂಡಿ ಇಂಗಾಲದ ಡೈ ಆಕ್ಸೈಡು ಆಗುವುದು. ಗಾಳಿ ಸಾಲದಿದ್ದರೆ, ಅಥವಾ ಸೌದೆ ಹಸಿಯಾಗಿದ್ದರೆ, ಇಂಗಾಲದ ಒಂದು ಭಾಗ ಉರಿಯದೆಯೇ ಅತಿ ಸೂಕ್ಷ್ಮ ಕಣಗಳಾಗಿ ಹೊಗೆಯೊಡನೆ ಹೊರಬೀಳುವುದು. ಇವು ತಲೆಗೂದಲಿನ ದಪ್ಪದ ಮೂವತ್ತನೆಯ ಒಂದಂಶಕ್ಕಿಂತಲೂ ಚಿಕ್ಕವಾದುದರಿಂದ ಶ್ವಾಸಕೋಶದ ಆಳವನ್ನು ಮುಟ್ಟಬಲ್ಲವು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಬಳಿ ಹೆಚ್ಚು ಹೊತ್ತು ಇರುವ ಹೆಂಗಸರೂ ಮಕ್ಕಳೂ ಈ ಅಪಾಯಕ್ಕೆ ಮೊದಲು ಗುರಿಯಾಗುವರು.

ಮಸಿಯ ಪ್ರಭಾವ ಅಡುಗೆಮನೆಯಲ್ಲಿ ಮುಗಿಯುವುದಿಲ್ಲ. ಕಪ್ಪು ವಸ್ತುವಾದುದರಿಂದ ಅದು ಸೂರ್ಯನ ಬೆಳಕನ್ನು ಹೀರಿ ಗಾಳಿಯನ್ನು ಕಾಯಿಸುವುದು; ಹಿಮದ ಮೇಲೆ ಬಿದ್ದರೆ ಹಿಮವನ್ನು ಬೇಗ ಕರಗಿಸುವುದು. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ‘ಇಂಡೋಎಕ್ಸ್’ ಅನ್ವೇಷಣೆಯಲ್ಲಿ, ಕಡಲಿನ ಮೇಲೂ ಹರಡಿದ್ದ ಕಂದು ಮಬ್ಬಿನಲ್ಲಿ ಮಸಿಯಿರುವುದು ಕಂಡುಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವ್ಯಾಸಂಗ ಮಾಡಿದ ವಿ. ರಾಮನಾಥನ್ ಅವರು ಅದರ ನಾಯಕರಲ್ಲಿ ಒಬ್ಬರು. ಇಂಗಾಲದ ಡೈ ಆಕ್ಸೈಡು ಶತಮಾನಗಳ ಕಾಲ ವಾಯುಮಂಡಲದಲ್ಲಿ ಉಳಿದರೆ, ಮಸಿ ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ, ಮಳೆಯೊಡನೆ ನೆಲಕ್ಕಿಳಿಯುವುದು. ಆದುದರಿಂದ ಮಸಿಯನ್ನು ತಗ್ಗಿಸಿದರೆ ಫಲವೂ ಬೇಗನೆ ದೊರೆಯುವುದು.

ಇನ್ನು ಕಾನೂನಿನ ಮಾತು. ಬಂಗಾಳದಲ್ಲಿ 1905ರಲ್ಲಿಯೂ ಮುಂಬಯಿಯಲ್ಲಿ 1912ರಲ್ಲಿಯೂ ಹೊಗೆ ಉಪದ್ರವದ ಶಾಸನಗಳು ಜಾರಿಗೆ ಬಂದವು. ಅವುಗಳ ದೃಷ್ಟಿಯೆಲ್ಲ ಕುಲುಮೆಗಳ ಚಿಮಣಿಯ ಕಡೆಗೆ. 1981ರ ವಾಯು ಶಾಸನವು ಮಾಲಿನ್ಯವನ್ನು ತಡೆಯುವುದರೊಡನೆ, ಸಂಶೋಧನೆ ನಡೆಸುವ ಕರ್ತವ್ಯವನ್ನೂ ಕೇಂದ್ರ ಮಂಡಲಿಗೆ ವಹಿಸಿತು. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನಕಗಳು ಹನ್ನೆರಡು ಮಾಲಿನ್ಯಕಾರಕಗಳಿಗೆ ಮಿತಿ ಹಾಕಿದುವು. ಅವುಗಳಲ್ಲಿ ಸೂಕ್ಷ್ಮ ಕಣಗಳ ಒಟ್ಟು ತೂಕಕ್ಕೆ ಮಿತಿಯಿದ್ದರೂ ಮಸಿಗೆಂದು ಪ್ರತ್ಯೇಕ ಸಾಲಿರಲಿಲ್ಲ.

ಅದೇ 2009ರಲ್ಲಿ ಅಮೆರಿಕದ ಸಂಸತ್ತು ಬೇರೊಂದು ಕ್ರಮ ಕೈಗೊಂಡಿತು. ಮಸಿಯನ್ನು ನಿಷೇಧಿಸದೆ, ಅದನ್ನು ಅಧ್ಯಯನ ಮಾಡಿ ವರದಿ ಒಪ್ಪಿಸಬೇಕೆಂದು ತನ್ನ ಪರಿಸರ ಸಂಸ್ಥೆಗೆ ಶಾಸನದ ಮೂಲಕವೇ ಆಜ್ಞಾಪಿಸಿತು. 2012ರಲ್ಲಿ ಬಂದ ವರದಿಯು, ಆ ದೇಶದ ಮಸಿಯಲ್ಲಿ ಅರ್ಧಕ್ಕೂ ಹೆಚ್ಚು ಪಾಲು ವಾಹನಾದಿ ಚಲಿಸುವ ಯಂತ್ರಗಳದೆಂದು, ಅದರಲ್ಲಿಯೂ ಡೀಸೆಲ್ ಎಂಜಿನುಗಳದೆಂದು ತೋರಿಸಿತು. ಜಗತ್ತನ್ನು ಒಟ್ಟಾಗಿ ನೋಡಿದರೆ ಬಯಲಿನ ಬೆಂಕಿ ಮತ್ತು ಮನೆಯ ಒಲೆಗಳ ಪಾಲೇ ದೊಡ್ಡದು. ರೋಗ ಒಂದೇ ಆದರೂ ಮೂಲ ಬೇರೆಯಾದಾಗ ಔಷಧವೂ ಬೇರೆಯಾಗಬೇಕಷ್ಟೆ! ನಮ್ಮ ಕೇಂದ್ರ ಸರಕಾರವು 2011ರಲ್ಲಿ ಇಂಥದೇ ಸಂಶೋಧನಾ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಅದು ಶಾಸನವಲ್ಲ, ಕಾರ್ಯಕ್ರಮ.

ಮಸಿಯನ್ನು ಅಳೆಯುವ ತತ್ತ್ವ ಸರಳ. ‘ಏಥಲೋಮೀಟರ್’ ಎಂಬ ಉಪಕರಣದಲ್ಲಿ ಗಾಳಿಯನ್ನು ಬಿಳಿಯ ಸೋಸು ಪಟ್ಟಿಯ ಮೂಲಕ ಎಳೆಯುವರು. ಪಟ್ಟಿ ಕಪ್ಪಾದಂತೆ ಅದನ್ನು ಹಾದುಹೋಗುವ ಬೆಳಕು ಕುಗ್ಗುವುದು. ಆ ಕುಗ್ಗುವಿಕೆಯಿಂದ ಮಸಿಯ ಪ್ರಮಾಣ ತಿಳಿಯುವುದು.

ಅಳತೆಯಿಲ್ಲದ ನಿಷೇಧವು ಬಡವರ ಒಲೆಯನ್ನು ಆರಿಸೀತು. ಅಳತೆಯಿಲ್ಲದ ಉದಾಸೀನವು ಅವರನ್ನು ಹೊಗೆಯಲ್ಲಿಯೇ ಬಿಟ್ಟೀತು. ಎರಡೂ ಅನ್ಯಾಯವೇ. ವಿಜ್ಞಾನ ಮಂದಿರದ ‘ಅಸ್ತ್ರ’ ಕೇಂದ್ರವು ರೂಪಿಸಿದ ಹೊಗೆಕೊಳವೆಯ ಒಲೆಯಲ್ಲಿ ಕಡಿಮೆ ಸೌದೆಯಿಂದ ಅಡುಗೆಯಾಗುವುದು. ಹೊಗೆಯೂ ಮನೆಯೊಳಗೆ ತುಂಬುವುದಿಲ್ಲ. ಒಲೆಯ ಉರಿಯನ್ನು ಅಭ್ಯಸಿಸಿದುದರಿಂದಲೇ ಈ ದಾರಿ ತೋರಿತು. ನಗರದ ಚೌಕಗಳಲ್ಲಿ ಮಾತ್ರವಲ್ಲದೆ ಸಿದ್ಧಕಟ್ಟೆಯಂತಹ ಊರಿನ ಬಚ್ಚಲೊಲೆಯ ಬಳಿಯಲ್ಲಿಯೂ ಅಳತೆ ನಡೆಯಬೇಕೆಂದು ಶಾಸನವೇ ವಿಧಿಸಿದರೆ, ಮುಂದಿನ ನಿಯಮಗಳಿಗೆ ಭದ್ರವಾದ ತಳಹದಿ ದೊರೆಯುವುದೆಂದು ನಾವು ನಂಬುತ್ತೇವೆ.