ಕಬ್ಬು ಕಡಿಯಲು ಬಂದವರು

ಮೂಡಲು ಇನ್ನೂ ಕೆಂಪೇರಿರುವುದಿಲ್ಲ. ನಾಲೆಯ ಏರಿಯ ಕೆಳಗೆ, ಬೀಳುಬಿಟ್ಟ ತುಂಡು ನೆಲದಲ್ಲಿ ಸಾಲಾಗಿ ನಿಂತ ಗುಡಾರಗಳ ಮುಂದೆ ಮೂರು ಕಲ್ಲಿನ ಒಲೆಗಳು ಹೊಗೆಯಾಡತೊಡಗುತ್ತವೆ. ಹೆಂಗಸರು ರೊಟ್ಟಿ ತಟ್ಟಿ ಬುತ್ತಿ ಕಟ್ಟುತ್ತಾರೆ. ಗಂಡಸರು ಕುಕ್ಕುರುಗಾಲಿನಲ್ಲಿ ಕುಳಿತು ಕತ್ತಿ ಮಸೆಯುತ್ತಾರೆ. ಬೆಳಕು ಹರಿದು ಊರಿನ ಜನ ಹಟ್ಟಿಯ ಬಾಗಿಲು ತೆರೆಯುವ ವೇಳೆಗೆ ಆ ಗುಡಾರಗಳಲ್ಲಿ ಹಸುಗೂಸುಗಳೂ ಅವುಗಳನ್ನು ನೋಡಿಕೊಳ್ಳುವ ಎಳೆಯ ಅಕ್ಕಂದಿರೂ ಮಾತ್ರ ಉಳಿದಿರುತ್ತಾರೆ. ಉಳಿದವರೆಲ್ಲ ಆಳೆತ್ತರದ ಕಬ್ಬಿನೊಳಗೆ ಇಳಿದಾಗಿರುತ್ತದೆ.

ನಂಜನಗೂಡು, ತಗಡೂರು, ತಿರುಮಕೂಡಲು ನರಸೀಪುರಗಳ ನಡುವಣ ಸೀಮೆಯಲ್ಲಿ ಮಳೆಯನ್ನು ನಂಬಿದ ಹೊಲವೂ ಉಂಟು, ಕಪಿಲೆಯ ನಾಲೆಯನ್ನು ನಂಬಿದ ಗದ್ದೆಯೂ ಉಂಟು. ಹುಲ್ಲಹಳ್ಳಿ, ರಾಂಪುರಗಳ ಹಳೆಯ ಅಣೆಗಳ ಜೊತೆಗೆ ಬೀಚನಹಳ್ಳಿಯ ಕಬಿನಿ ಜಲಾಶಯವೂ ಸೇರಿದ ಮೇಲೆ ಇಲ್ಲಿ ಭತ್ತದ ಪಕ್ಕದಲ್ಲಿ ಕಬ್ಬು ಬೇರೂರಿತು. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯೂ ಇದೆ. ಕಬ್ಬನ್ನು ನೆಡುವವನು, ನೀರು ಹಾಯಿಸುವವನು ಈ ಊರಿನವನೇ. ಕಡಿಯುವವನು ಮಾತ್ರ ಬಹುಪಾಲು ಹೊರಗಿನವನು.

ಹೊರಗಿನವನೆಂದರೆ ಪರರಾಜ್ಯದವನೇ ಆಗಬೇಕೆಂದಿಲ್ಲ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಗಳ ಕಡೆಯಿಂದ ಲಾರಿಗಳಲ್ಲಿ ಬಂದಿಳಿಯುವ ಕುಟುಂಬಗಳು ಮಂಡ್ಯ, ಮೈಸೂರು ಸೀಮೆಯ ಕಬ್ಬಿನ ಬಯಲಿಗೆ ಹೊಸಬರಲ್ಲ. ಅವರಲ್ಲಿ ಲಂಬಾಣಿ ತಾಂಡಾಗಳವರೇ ಹೆಚ್ಚು. ಆ ತಾಲ್ಲೂಕುಗಳು 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಈಗ ವಿಜಯನಗರ ಜಿಲ್ಲೆಗೆ ಸೇರಿವೆ. ಊರಿನವರ ಬಾಯಲ್ಲಿ ಮಾತ್ರ ಅವರು ಇಂದಿಗೂ "ಬಳ್ಳಾರಿಯವರು." ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟು 1953ರಿಂದ ನೀರು ಹಿಡಿದು ನಿಂತಿದೆ. ಆದರೆ ಅದರ ದೊಡ್ಡ ನಾಲೆಗಳು ಹರಿದುಹೋದದ್ದು ರಾಯಚೂರು, ಕೊಪ್ಪಳ, ಸಿರುಗುಪ್ಪಗಳ ಕಡೆಗೆ, ಅಲ್ಲಿಂದಾಚೆ ಆಂಧ್ರಕ್ಕೆ. ಅಣೆಕಟ್ಟಿಗೆ ಪಡುವಲಲ್ಲಿರುವ ಎರೆ, ಮಸಾರಿ ಹೊಲಗಳು ಬಹುಮಟ್ಟಿಗೆ ಮುಗಿಲು ನೋಡುತ್ತಲೇ ಉಳಿದವು. ಜೋಳ, ಮೆಕ್ಕೆಜೋಳ, ಶೇಂಗಾ ಒಂದು ಮಳೆ ತಪ್ಪಿದರೆ ಕೈಗೆ ಬರುವಂಥವಲ್ಲ. ಬಂದರೂ ವರ್ಷವಿಡೀ ಮನೆ ನಡೆಸುವಂಥವಲ್ಲ.

ಹೀಗೆ ಬರಿಗೈಯಾದ ಮನೆಯ ಬಾಗಿಲಿಗೆ ಮೇಸ್ತ್ರಿ ಬರುತ್ತಾನೆ. ಅವನೂ ಅನೇಕ ವೇಳೆ ಅದೇ ತಾಂಡಾದವನು, ನಂಟನೂ ಆಗಿರಬಹುದು. ಅವನ ಕೈಯಲ್ಲಿ ಮುಂಗಡದ ಹಣವಿರುತ್ತದೆ. ಮಗಳ ಮದುವೆಯೊ, ಆಸ್ಪತ್ರೆಯ ಖರ್ಚೊ, ಬೋರ್‌ವೆಲ್ ತೋಡಿಸಿ ಕೆಟ್ಟ ಸಾಲವೊ, ಆ ಹಣ ಬಂದ ದಿನವೇ ಅದಕ್ಕೊಂದು ದಾರಿ ಕಾದಿರುತ್ತದೆ. ಗಂಡ ಹೆಂಡತಿ ಸೇರಿ ಒಂದು ಜೋಡಿ, ಜೋಡಿಗೆ ಇಂತಿಷ್ಟು ಮುಂಗಡ, ಕಡಿದ ಕಬ್ಬಿಗೆ ಟನ್ನಿನ ಲೆಕ್ಕದಲ್ಲಿ ಕೂಲಿ. ಕೂಲಿಯಿಂದ ಮುಂಗಡ ತೀರುವವರೆಗೆ ಗದ್ದೆ ಬಿಡುವಂತಿಲ್ಲ. ವಾರಕ್ಕೊಮ್ಮೆ ಸಂತೆ ಖರ್ಚಿಗೆಂದು ಕೊಡುವ ಹಣವೂ ಅದೇ ಲೆಕ್ಕಕ್ಕೆ ಸೇರುತ್ತದೆ. ಬೆಳೆ ಹಾಳಾಗಿ ಕಬ್ಬು ಕಡಿಮೆಯಾದರೆ, ಮನೆಯಲ್ಲಿ ಒಬ್ಬರು ಜ್ವರದಿಂದ ಮಲಗಿದರೆ, ಸುಗ್ಗಿ ಮುಗಿದರೂ ಸಾಲ ಮುಗಿಯುವುದಿಲ್ಲ. ಉಳಿದದ್ದು ಮುಂದಿನ ವರ್ಷದ ಮುಂಗಡಕ್ಕೆ ಕೂಡಿಕೊಳ್ಳುತ್ತದೆ. ಜೀತಪದ್ಧತಿಯನ್ನು ನಮ್ಮ ದೇಶ 1976ರ ಕಾಯ್ದೆಯಿಂದ ರದ್ದುಮಾಡಿದೆ. ಮುಂಗಡ ಕೊಟ್ಟು ದುಡಿಮೆಯನ್ನು ಕಟ್ಟಿಹಾಕುವುದನ್ನು ಆ ಕಾಯ್ದೆ ಸ್ಪಷ್ಟವಾಗಿ ಹೆಸರಿಸಿ ನಿಷೇಧಿಸಿದೆ. ಆದರೆ ಇಲ್ಲಿ ಬೇಡಿಯೂ ಇಲ್ಲ, ಬರೆದ ಪತ್ರವೂ ಇಲ್ಲ. ಮೇಸ್ತ್ರಿಯ ಚಿಕ್ಕ ಪುಸ್ತಕ ಮಾತ್ರ ಇದೆ. ಆ ಪುಸ್ತಕವನ್ನು ಓದಬಲ್ಲವರು ತಂಡದಲ್ಲಿ ಎಷ್ಟು ಮಂದಿ?

ಕೆಲಸವಾದರೂ ನೋಡಿದಷ್ಟು ಸುಲಭದ್ದಲ್ಲ. ಕಬ್ಬಿನ ಬುಡದ ಗೆಣ್ಣುಗಳಲ್ಲೇ ಸಕ್ಕರೆ ಹೆಚ್ಚು. ಆದುದರಿಂದ ನೆಲಕ್ಕೆ ಹತ್ತಿಸಿ ಕಡಿಯಬೇಕು. ಅಂದರೆ ದಿನವಿಡೀ ಸೊಂಟ ಬಗ್ಗಿಸಿಯೇ ಇರಬೇಕು. ಕಡಿದ ಜಲ್ಲೆಯ ಒಣಗರಿ ಸವರಿ, ಮೇಲಿನ ಸೋಗೆ ಕತ್ತರಿಸಿ, ಆ ಸೋಗೆಯಿಂದಲೇ ಕಟ್ಟು ಕಟ್ಟಬೇಕು. ಗರಿಯ ಅಂಚು ಗರಗಸದಂತೆ. ಮೈಗೆ ಹರಕು ಅಂಗಿ, ತಲೆಗೆ ಬಟ್ಟೆ ಸುತ್ತಿಕೊಂಡರೂ ಕೈ, ಕೆನ್ನೆ, ಕತ್ತಿನ ಮೇಲೆ ಸಣ್ಣ ಗೀರುಗಳು ತಪ್ಪವು. ಆ ಗೀರುಗಳ ಮೇಲೆ ಬೆವರು ಇಳಿದಾಗಿನ ಉರಿಯನ್ನು ಬಲ್ಲವರೇ ಬಲ್ಲರು. ಕೆಲವೆಡೆ ಗರಿ ಸವರುವ ಶ್ರಮ ಉಳಿಯಲೆಂದು ಗದ್ದೆಗೆ ಬೆಂಕಿ ಕೊಟ್ಟು ಕಡಿಯುವುದೂ ಉಂಟು. ಆಗ ಗೀರಿನ ಬದಲು ಮಸಿ. ಬೆಳೆಗಾರನಿಗೆ ತೂಕ ನಷ್ಟ, ಕಡಿಯುವವನಿಗೆ ಕೆಮ್ಮು.

ಇಷ್ಟಾದ ಮೇಲೆ ಹೊರೆ ಹೊರುವ ಸರದಿ. ಲಾರಿಯ ಬೆನ್ನಿಗೆ ಹಲಗೆಯನ್ನು ಓರೆಯಾಗಿ ಒರಗಿಸುತ್ತಾರೆ. ಕಬ್ಬಿನ ಕಟ್ಟನ್ನು ತಲೆಯ ಮೇಲೆ ಹೊತ್ತು ಆ ಹಲಗೆಯ ಮೇಲೆ ಹತ್ತಬೇಕು. ಮಳೆಯ ದಿನಗಳಲ್ಲಿ ಹಲಗೆ ಜಾರುತ್ತದೆ. ಉತ್ತರ ಕರ್ನಾಟಕದ ಕಾರ್ಖಾನೆಗಳು ಸಾಮಾನ್ಯವಾಗಿ ಮಳೆ ಹಿಂದೆಗೆದ ಮೇಲೆ ಗಾಣ ಹೂಡುತ್ತವೆ. ಈ ಕಡೆ ಮಳೆಗಾಲದಲ್ಲೇ ಅರೆಯುವಿಕೆ ಆರಂಭವಾಗುವುದುಂಟು. ಆಗ ಗದ್ದೆಯ ಕೆಸರಿನಲ್ಲಿ ಲಾರಿ ಹೂತುಕೊಂಡರೆ ರಸ್ತೆಯವರೆಗೂ ತಲೆಹೊರೆಯೇ ಗತಿ. ಹೊತ್ತು ನೋಡಿ ಲಾರಿ ಬರುವುದಿಲ್ಲ. ನಡುರಾತ್ರಿ ಬಂದು ಹಾರನ್ ಮಾಡಿದರೂ ಎದ್ದು ತುಂಬಿಸಬೇಕು. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆದರೆ ಲೇಸು. ತಡವಾದಷ್ಟೂ ರಸ ಆರುತ್ತದೆ, ಒಳಗಿನ ಸಕ್ಕರೆ ಕೆಡುತ್ತದೆ. ಕಾರ್ಖಾನೆಗೆ ಇಳುವರಿಯ ಚಿಂತೆ, ರೈತನಿಗೆ ತೂಕದ ಚಿಂತೆ. ಎರಡೂ ಚಿಂತೆಗಳು ಸೇರಿ ಕಡಿಯುವವನ ನಿದ್ದೆಯನ್ನು ನುಂಗುತ್ತವೆ.

ರೈತನನ್ನು ಇಲ್ಲಿ ದೂರುವುದು ನ್ಯಾಯವಾಗಲಾರದು. ಅವನಿಗೂ ತನ್ನದೇ ಕಷ್ಟವಿದೆ. ಹನ್ನೆರಡು ತಿಂಗಳು ಕಾದ ಬೆಳೆ ಒಣಗುತ್ತಿರುವಾಗ ಅವನು ಮೇಸ್ತ್ರಿಯ ಹಿಂದೆ ಅಲೆಯುತ್ತಾನೆ.

"ನಮ್ ಗದ್ದೆ ಯಾವತ್ತಪ್ಪಾ ಕಡೀತೀರಿ?"

"ಪರ್ಮಿಟ್ ಬರ್ಲಿರಿ ಗೌಡ್ರ, ಬಂದ ಮರುದಿನಾನ ಇಳೀತೀವಿ."

ಪರ್ಮಿಟ್ ಬಂದ ಮೇಲೂ ಗೊತ್ತುಮಾಡಿದ ಕೂಲಿಯ ಮೇಲೆ ಇಷ್ಟು ಕೊಡಿ, ಲಾರಿಯ ಚಾಲಕನಿಗೆ ಇಷ್ಟು ಕೊಡಿ ಎಂಬ ಬೇಡಿಕೆಗಳು ಬರುತ್ತವೆ. ಸಣ್ಣ ಹಿಡುವಳಿಯ ರೈತ ಗೊಣಗುತ್ತಲೇ ಕೊಡುತ್ತಾನೆ. ಹೀಗೆ ಇಬ್ಬರು ಬಡವರು ಗದ್ದೆಯ ಬದುವಿನ ಮೇಲೆ ನಿಂತು ಚೌಕಾಸಿ ಮಾಡುವುದು ಈ ಉದ್ಯಮದ ನಿತ್ಯದ ನೋಟ.

ಇನ್ನು ಅವರ ವಸತಿ. ನಾಲ್ಕು ಗಳು, ಒಂದು ಟಾರ್ಪಾಲು ಹಾಳೆ, ಸುತ್ತಲೂ ಕಬ್ಬಿನ ಸೋಗೆಯ ಮರೆ. ಒಳಗೆ ನಿಂತರೆ ತಲೆ ತಾಗುತ್ತದೆ. ನೀರಿಗೆ ನಾಲೆ ಅಥವಾ ಯಾರದಾದರೂ ಪಂಪ್‌ಸೆಟ್ಟು. ಶೌಚಕ್ಕೆ ಕತ್ತಲೆಯೇ ಮರೆ. ಬಾಣಂತಿಯರೂ ಇದೇ ಗುಡಾರದಲ್ಲಿ, ತುಂಬು ಬಸುರಿಯರೂ ಇದೇ ಗುಡಾರದಲ್ಲಿ. ಹಾವು ಚೇಳುಗಳ ಭಯ ಹೇಳಬೇಕಾದ್ದಿಲ್ಲ. ಅದಕ್ಕೂ ಮಿಗಿಲಾದ ಭಯವೊಂದು ಈಚಿನ ವರ್ಷಗಳಲ್ಲಿ ಸೇರಿಕೊಂಡಿದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು. ದಟ್ಟವಾದ ಕಬ್ಬು ಚಿರತೆಗೆ ಕಾಡಿನಷ್ಟೇ ಸೊಗಸಾದ ಆಶ್ರಯ. ಕಟಾವಿನ ವೇಳೆ ಅದರ ಮರಿಗಳು ಸಿಕ್ಕ ಸುದ್ದಿ ಈ ಸೀಮೆಯಲ್ಲಿ ಮೇಲಿಂದ ಮೇಲೆ ಬರುತ್ತದೆ. ಆ ದಿನಗಳಲ್ಲಿ ಊರಿನ ಜನ ಸಂಜೆಯಾಗುತ್ತಲೇ ಕದವಿಕ್ಕಿಕೊಂಡರು. ನಿಂತ ಕಬ್ಬನ್ನು ಬೇಗ ಕಡಿಸಬೇಕೆಂಬ ಮಾತು ಎಲ್ಲ ಕಡೆಯಿಂದ ಎದ್ದಿತು. ಮಾತು ಸರಿಯೇ. ಆದರೆ ಆ ಗದ್ದೆಯೊಳಗೆ ಮೊದಲು ಕಾಲಿಡಬೇಕಾದವರು, ರಾತ್ರಿ ಅದರ ಪಕ್ಕದಲ್ಲೇ ಕದವಿಲ್ಲದ ಗುಡಾರದಲ್ಲಿ ಮಲಗಬೇಕಾದವರು ಯಾರು?

ಮಕ್ಕಳ ವಿಚಾರ ಬೇರೆಯೇ. ತಾಂಡಾದಲ್ಲಿ ಅಜ್ಜಿಯೊಬ್ಬಳು ಗಟ್ಟಿಯಾಗಿದ್ದರೆ ಮಕ್ಕಳು ಅಲ್ಲೇ ಉಳಿದು ಶಾಲೆಗೆ ಹೋಗುತ್ತವೆ. ಇಲ್ಲವಾದರೆ ತಾಯ್ತಂದೆಯರ ಜೊತೆ ಲಾರಿ ಹತ್ತುತ್ತವೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ 2009ರ ಕಾಯ್ದೆ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಆದರೆ ತಿಂಗಳಿಗೊಂದು ಹಳ್ಳಿಯ ಬಯಲಿಗೆ ಗುಡಾರ ಕೀಳುವ ಮಗು ಯಾವ ಶಾಲೆಯ ಹಾಜರಿಯಲ್ಲಿ ಹೆಸರು ಬರೆಸಬೇಕು? ಇಂಥ ಮಕ್ಕಳಿಗೆಂದು ಋತುಮಾನದ ವಸತಿಶಾಲೆಗಳೂ ಟೆಂಟು ಶಾಲೆಗಳೂ ರಾಜ್ಯದಲ್ಲಿ ಅಲ್ಲಲ್ಲಿ ನಡೆದಿವೆ. ಅವು ಎಲ್ಲ ಬಯಲುಗಳಿಗೂ ಮುಟ್ಟಿಲ್ಲ. ಎಂಟು ವರ್ಷದ ಹುಡುಗಿ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಒಲೆ ಊದುವುದನ್ನು ಬಸ್ಸಿನ ಕಿಟಕಿಯಿಂದ ಕಂಡವರು ಅನೇಕರಿರಬಹುದು.

ಹೆಂಗಸರ ದೇಹ ಇದಕ್ಕೆ ತೆರುವ ಬೆಲೆ ಎಷ್ಟೆಂಬುದು ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಹೊರಬಂತು. ನಮ್ಮ ಬೆಳಗಾವಿ, ಬಾಗಲಕೋಟೆಗಳ ಕಡೆಗೂ ಕಬ್ಬು ಕಡಿಯಲು ಜನ ಬರುವುದು ಅಲ್ಲಿಂದ. ಅಲ್ಲಿ ಜೋಡಿಗೆ "ಕೊಯ್ತಾ" ಎಂದೇ ಹೆಸರು. ಕೊಯ್ತಾ ಎಂದರೆ ಕುಡುಗೋಲು. 2019ರಲ್ಲಿ ಸರ್ಕಾರ ನೇಮಿಸಿದ ಸಮಿತಿಯ ಕಾಲದಲ್ಲಿ ಆ ಜಿಲ್ಲೆಯ ಸುಮಾರು 82,000 ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿದಾಗ, 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡದ್ದು ಕಂಡುಬಂತು. ಮುಟ್ಟಿನ ದಿನಗಳಲ್ಲಿ ಕೆಲಸ ತಪ್ಪಿದರೆ ದಂಡ, ನೋವಿಗೆ ಸರಿಯಾದ ಔಷಧವಿಲ್ಲ, ಶುಚಿಗೆ ನೀರಿಲ್ಲ. ಹೀಗಿರುವಾಗ ವೈದ್ಯನೊಬ್ಬನು "ತೆಗೆಸಿಬಿಡು" ಎಂದರೆ ಬಡವಿ ಏನೆಂದಾಳು! ಕಪಿಲೆಯ ಬಯಲಿಗೆ ಬರುವ ಹೆಂಗಸರ ದುಡಿಮೆಯೂ ಇದೇ ಬಗೆಯದು ಎಂಬುದನ್ನು ಮರೆಯಲಾಗದು.

ಸಕ್ಕರೆಯ ಲೆಕ್ಕದಲ್ಲಿ ಇವರಿಗೆ ಯಾವ ಸ್ಥಾನ? 1966ರ ಕಬ್ಬು ನಿಯಂತ್ರಣ ಆದೇಶದಂತೆ ರೈತನಿಗೆ ಹದಿನಾಲ್ಕು ದಿನದೊಳಗೆ ಹಣ ಪಾವತಿಯಾಗಬೇಕು. ಕಬ್ಬಿನ ನ್ಯಾಯೋಚಿತ ದರವನ್ನು ಕೇಂದ್ರ ಸರ್ಕಾರ ವರ್ಷ ವರ್ಷ ಪ್ರಕಟಿಸುತ್ತದೆ. 2025-26ರ ಸಾಲಿಗೆ ಶೇಕಡಾ 10.25ರ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಸಾಲದೆಂದು ರೈತರು ಹೋರಾಡುತ್ತಾರೆ, ಹೋರಾಡಬೇಕಾದ್ದೇ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಬೇಡಿ ರಸ್ತೆಯಲ್ಲಿ ಕುಳಿತ ರೈತರ ಮಾತಿಗೆ ರಾಜಧಾನಿ ಕಿವಿಗೊಟ್ಟಿತು. ಮಾತುಕತೆ 3,300ಕ್ಕೆ ನಿಂತಿತು. ಈ ಎಲ್ಲ ಮಾತುಕತೆಗಳ ಕಾಗದದಲ್ಲಿ ಕಡಿಯುವವನು ಒಂದೇ ಕಡೆ ಕಾಣಿಸಿಕೊಳ್ಳುತ್ತಾನೆ: "ಕಟಾವು ಮತ್ತು ಸಾಗಾಣಿಕೆ ವೆಚ್ಚ." ಅಂದರೆ ರೈತನ ಹಣದಿಂದ ಕಳೆಯಬೇಕಾದ ಒಂದು ಬಾಬ್ತು. ಅದನ್ನು ಕಡಿಮೆ ಮಾಡಿ ಎಂದು ರೈತ, ಅಷ್ಟಕ್ಕೆ ಆಳು ಸಿಗುವುದಿಲ್ಲವೆಂದು ಕಾರ್ಖಾನೆ. ಆ ಬಾಬ್ತಿನೊಳಗೆ ಗಂಡ, ಹೆಂಡತಿ, ಮಕ್ಕಳು ಇದ್ದಾರೆಂದು ಹೇಳುವವರು ಮಾತುಕತೆಯ ಕೊಠಡಿಯಲ್ಲಿರುವುದಿಲ್ಲ.

ಕಾನೂನಿನ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಬಂದ ಕೇಂದ್ರ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಗಡಿಯಾಚೆಯ ಹಳ್ಳಿಯಿಂದ ಹತ್ತು ಮೈಲಿ ನಡೆದು ಬಂದವನೂ ಅದರ ಲೆಕ್ಕದಲ್ಲಿ ವಲಸಿಗ. ಹರಪನಹಳ್ಳಿಯಿಂದ ನಂಜನಗೂಡಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಂದವನು ಅಲ್ಲ. ಮಾತೃಭಾಷೆ ಬೇರೆ, ಊಟ ಬೇರೆ, ಪರಿಚಯದ ಮುಖವೊಂದಿಲ್ಲ. ಆದರೂ ಕಾಗದದ ಮೇಲೆ ಅವನು ತನ್ನ ನಾಡಿನಲ್ಲೇ ಇದ್ದಾನೆ!

ಬಿಡುವಿನ ತಿಂಗಳುಗಳಲ್ಲಿ ಒಕ್ಕಲಿಗನ ಕೈಗೆ ಅವನ ಊರಿನಲ್ಲೇ ಕೆಲಸ ಕೊಡುವುದು ಹೇಗೆಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಖಾದಿಯನ್ನೂ ಅಸ್ಪೃಶ್ಯತಾ ನಿವಾರಣೆಯನ್ನೂ ಬಾಳಿನ ಕೆಲಸವಾಗಿ ಹಿಡಿದ ರಾಮಚಂದ್ರರಾಯರು ತಗಡೂರಿನವರು. ಪಕ್ಕದ ಬದನವಾಳಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿಯವರೇ ಬಂದಿದ್ದರು. ಮಳೆ ಕೈಕೊಟ್ಟ ವರ್ಷ ಮನೆ ಬಿಟ್ಟು ಹೋಗದಂತೆ ಸುತ್ತಲಿನ ಹಳ್ಳಿಯವರಿಗೆ ನೂಲು ನಾಲ್ಕು ಕಾಸು ತಂದುಕೊಟ್ಟ ಕಾಲವೊಂದಿತ್ತು. ಆ ಕೇಂದ್ರ ಮುಂದೆ ಕಳೆಗುಂದಿತು. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಅಲ್ಲೇ ಸತ್ಯಾಗ್ರಹ ಹೂಡಿ, ಕೈದುಡಿಮೆಯ ಮಾತನ್ನು ಮತ್ತೆ ಎತ್ತಿದರು. ನೂಲಿನಿಂದಲೇ ಇಂದಿನ ಸಂಸಾರ ಸಾಗೀತೆಂದು ಯಾರೂ ಹೇಳಲಾರರು. ಆದರೆ ಅಂದು ಕೇಳಿದ ಪ್ರಶ್ನೆ ಮಾತ್ರ ಹಡಗಲಿಯ ತಾಂಡಾಗಳಲ್ಲಿ ಹಾಗೆಯೇ ನಿಂತಿದೆ.

ಈಗ ಕಬ್ಬು ಕಡಿಯುವ ಯಂತ್ರಗಳು ಬರುತ್ತಿವೆ, ಅವಕ್ಕೆ ಸರ್ಕಾರದ ಸಹಾಯಧನವೂ ಇದೆ. ಸಾಲುಗಳ ನಡುವೆ ಅಗಲವಾದ ಅಂತರವಿರುವ ದೊಡ್ಡ ಹಿಡುವಳಿಗಳಲ್ಲಿ ಅವು ಚೆನ್ನಾಗಿ ಓಡುತ್ತವೆ. ಈ ಸೀಮೆಯ ತುಂಡು ಗದ್ದೆಗಳಲ್ಲಿ ತಿರುಗುವುದೇ ಕಷ್ಟ. ಬಂದೇ ಬಂದಾವು. ಬಂದಾಗ ಸೊಂಟ ಮುರಿಯುವ ಕೆಲಸ ತಪ್ಪಿತೆಂದು ಸಂತೋಷಪಡುವವರು ಕಲ್ಕತ್ತೆಯ ಕೈರಿಕ್ಷಾದ ಕಥೆಯನ್ನೊಮ್ಮೆ ನೆನೆಯುವುದು ಒಳ್ಳೆಯದು. ಮನುಷ್ಯನನ್ನು ಮನುಷ್ಯ ಎಳೆಯುವುದು ನಾಚಿಕೆಗೇಡೆಂದು 2006ರಲ್ಲಿ ಪಶ್ಚಿಮ ಬಂಗಾಳದ ಶಾಸನಸಭೆ ಅದನ್ನು ನಿಷೇಧಿಸಲು ಹೊರಟಿತು. ಎಳೆಯುವವರು ಹೆಚ್ಚಾಗಿ ಬಿಹಾರದ ಹಳ್ಳಿಗಳಿಂದ ಬಂದ ಬಡವರು. ಗಾಡಿ ಬಾಡಿಗೆಯದು, ಮಲಗುವುದು ಒಡೆಯನ ಕೊಟ್ಟಿಗೆಯಲ್ಲಿ, ಉಳಿದ ಕಾಸು ಊರಿಗೆ. ನಾಚಿಕೆ ನಗರದ್ದು, ಹಸಿವು ತಮ್ಮದು ಎಂಬಂತೆ ಅವರು ಪ್ರತಿಭಟಿಸಿದರು. ಗಾಡಿಯನ್ನು ಕಸಿದರೆ ಬದಲಿಗೆ ಏನೆಂಬುದನ್ನು ಮೊದಲೇ ಹೇಳಿರಲಿಲ್ಲ. ಆ ಬಳಿಕವೂ ವರ್ಷಗಟ್ಟಲೆ ಅಲ್ಲಿನ ಮಳೆಗಾಲದ ನೀರುತುಂಬಿದ ಓಣಿಗಳಲ್ಲಿ ಆ ಗಾಡಿಗಳ ಗಂಟೆ ಕೇಳಿಸುತ್ತಲೇ ಇತ್ತು.

ಗದ್ದೆಯ ಕೊನೆಯ ಸಾಲು ಕಡಿದ ದಿನ ಗುಡಾರಗಳನ್ನು ಬಿಚ್ಚುತ್ತಾರೆ. ಗಳುಗಳು, ಪಾತ್ರೆಗಳು, ಒಂದೆರಡು ಕೋಳಿ, ನಿದ್ದೆಗಣ್ಣಿನ ಮಕ್ಕಳು ಎಲ್ಲವೂ ಟ್ರ್ಯಾಕ್ಟರಿನ ಟ್ರೈಲರಿಗೆ. ಮೇಸ್ತ್ರಿ ಮುಂದಿನ ಊರಿನ ಹೆಸರು ಹೇಳುತ್ತಾನೆ. ಕೆಲವರಿಗೆ ಆ ಹೆಸರು ಗೊತ್ತು, ಕೆಲವರಿಗೆ ಗೊತ್ತಿಲ್ಲ. ಅವರು ಹೋದ ಮೇಲೆ ಗದ್ದೆಯ ಯಜಮಾನ ಬಂದು ಕೂಳೆ ಬೆಳೆಗೆ ನೀರು ಬಿಡುವ ಮುನ್ನ, ಮಸಿ ಹಿಡಿದ ಒಲೆಗಲ್ಲುಗಳನ್ನು ಒಂದೊಂದಾಗಿ ಎತ್ತಿ ಬದುವಿಗೆ ಎಸೆಯುತ್ತಾನೆ.