ಎಮ್ಮೆ ಮೊದಲೋ, ನಾನು ಮೊದಲೋ?

ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ದಿನಗಳವು. ಖಾಸಗಿ ಕಂಪನಿಯೊಂದಕ್ಕೆ ಅರ್ಜಿ ಹಾಕಿದ್ದೆ. ಅರ್ಜಿಯ ಜೊತೆಗೆ ನನ್ನ ಬಗ್ಗೆ, ಮನೆಯ ಬಗ್ಗೆ ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ಕಳುಹಿಸಬೇಕಿತ್ತು. ಮೂರು ರಾತ್ರಿ ಕುಳಿತು ಬರೆದೆ. ಸೈಬರ್ ಸೆಂಟರಿನಲ್ಲಿ ಟೈಪ್ ಮಾಡಿದಾಗ ಯಾವ ಪದದ ಕೆಳಗೂ ಕೆಂಪು ಗೆರೆ ಬರಲಿಲ್ಲ. ತಪ್ಪೇ ಇಲ್ಲ ಎಂದು ಖುಷಿಯಿಂದ ಕಳುಹಿಸಿದೆ. ಸಂದರ್ಶನಕ್ಕೆ ಕರೆಯೂ ಬಂತು.

ಒಳಗೆ ಮೂವರು ಕುಳಿತಿದ್ದರು. ನಡುವೆ ಇದ್ದವರು ನನ್ನ ಪುಟದ ಮೇಲೆ ಪೆನ್ನಿಟ್ಟು, ‘ನಿಮ್ಮ ತಂದೆ ದಿನಾ ಡೈರಿಗೆ ಹಾಲು ಹಾಕ್ತಾರಾ?’ ಎಂದು ಕೇಳಿದರು. ‘ಹೌದು ಸರ್’ ಎಂದೆ. ‘ಪುಸ್ತಕ ಒದ್ದೆ ಆಗಲ್ವಾ?’ ಎಂದರು. ಉಳಿದಿಬ್ಬರೂ ನಕ್ಕರು. ನನಗೆ ಅರ್ಥವಾಗಲಿಲ್ಲವಾದರೂ ನಾನೂ ನಕ್ಕೆ. ಅವರು ಹಾಳೆ ನನ್ನ ಕಡೆ ತಿರುಗಿಸಿದಾಗ ಗೊತ್ತಾಯಿತು. ಹಾಲಿನ ಡೇರಿ ಎಂದು ಬರೆಯುವ ಕಡೆ ದಿನಚರಿ ಬರೆಯುವ ಡೈರಿ ಎಂದು ಬರೆದಿದ್ದೆ. ಎರಡರಲ್ಲೂ ಇರುವುದು ಅವೇ ಐದು ಅಕ್ಷರ. ಎ ಮತ್ತು ಐ ಜಾಗ ಬದಲಿಸಿಕೊಂಡಿದ್ದವು, ಅಷ್ಟೇ.

ಆ ಕೆಲಸ ಸಿಗಲಿಲ್ಲ. ಆ ಒಂದು ಪದದಿಂದಲೇ ತಪ್ಪಿತು ಎಂದು ಹೇಳಲಾರೆ. ಆದರೆ ಆಮೇಲೆ ಕೇಳಿದ ಪ್ರಶ್ನೆಗಳಿಗೆ ಗೊತ್ತಿದ್ದ ಉತ್ತರವೂ ಬಾಯಿಗೆ ಬರಲಿಲ್ಲ ಎಂಬುದಂತೂ ನಿಜ. ಬಸ್ಸಿನಲ್ಲಿ ವಾಪಸ್ ಬರುವಾಗ ಅನಿಸಿತು, ಇಂಗ್ಲಿಷಿನ ದೊಡ್ಡ ದೊಡ್ಡ ಪದಗಳಿಗೆ ಹೆದರಿಕೊಂಡು ನಿಘಂಟು ನೋಡುತ್ತೇವೆ. ಕಾಲಿಗೆ ಚುಚ್ಚುವುದು ಮಾತ್ರ ಈ ಸಣ್ಣ ಮುಳ್ಳುಗಳೇ.

ಕಣ್ಣಿಗೇಕೆ ಕಾಣುವುದಿಲ್ಲ?

ನಮ್ಮೂರಿನಲ್ಲಿ ಹಾಲು ಹಾಕುವ ಜಾಗಕ್ಕೂ ಡೈರಿ ಎನ್ನುತ್ತಾರೆ, ಹೊಸ ವರ್ಷಕ್ಕೆ ಸೊಸೈಟಿಯವರು ಕೊಡುವ ಪುಸ್ತಕಕ್ಕೂ ಡೈರಿ ಎನ್ನುತ್ತಾರೆ. ಕಿವಿಗೆ ಒಂದೇ ಆಗಿರುವಾಗ ಕೈ ಎಡವುವುದು ಸಹಜ. ಆದರೆ ಬರೆದ ಮೇಲೆ ಹತ್ತು ಸಲ ಓದಿದರೂ ಕಣ್ಣಿಗೆ ಬೀಳಲಿಲ್ಲವಲ್ಲ, ಅದೇಕೆ?

2003ರಲ್ಲಿ ಇ–ಮೇಲ್‌ಗಳಲ್ಲಿ ಒಂದು ಇಂಗ್ಲಿಷ್ ಸಂದೇಶ ಜಗತ್ತೆಲ್ಲ ಸುತ್ತಿತು. ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ಪದದ ಮೊದಲ ಮತ್ತು ಕೊನೆಯ ಅಕ್ಷರ ಸರಿಯಾಗಿದ್ದರೆ ಸಾಕು, ನಡುವಿನವು ಹೇಗಿದ್ದರೂ ಓದಬಹುದು, ಇದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧನೆ ಎಂಬುದು ಅದರ ಸಾರ. ಕೇಂಬ್ರಿಡ್ಜ್‌ನಲ್ಲೇ ಮೆದುಳಿನ ಅಧ್ಯಯನ ಮಾಡುತ್ತಿದ್ದ ಮ್ಯಾಟ್ ಡೇವಿಸ್ ಎಂಬ ವಿಜ್ಞಾನಿ ಅಂಥ ಸಂಶೋಧನೆ ಅಲ್ಲಿ ನಡೆದದ್ದು ತಮಗೆ ತಿಳಿದಿಲ್ಲ ಎಂದು ಬರೆದರು. ಸಂದೇಶದಲ್ಲಿ ಅರ್ಧ ಸತ್ಯ ಮಾತ್ರ ಇದೆ ಎಂದೂ ವಿವರಿಸಿದರು. ಇದಕ್ಕೆ ಮೊದಲೇ, 1976ರಲ್ಲಿ, ಗ್ರಹಾಂ ರಾಲಿನ್‌ಸನ್ ಎಂಬುವರು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅಕ್ಷರಗಳ ಸ್ಥಾನದ ಕುರಿತೇ ಪಿಎಚ್‌.ಡಿ ಮಾಡಿದ್ದರು.

ಅರ್ಧ ಸತ್ಯ ಯಾವುದೆಂದರೆ, ಓದುವಾಗ ನಾವು ಅಕ್ಷರಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. ಅಕ್ಕಪಕ್ಕದ ಎರಡು ಅಕ್ಷರ ಅದಲು ಬದಲಾದರೆ ಮೆದುಳು ಅದನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಡೇರಿ ಮತ್ತು ಡೈರಿ, ಅರ್ಜಿ ಎಂಬರ್ಥದ ಫಾರ್ಮ್ ಮತ್ತು ‘ಇಂದ’ ಎಂಬರ್ಥದ ಫ್ರಮ್, ಟ್ರಯಲ್ ಮತ್ತು ಟ್ರೇಲ್ – ಈ ಜೋಡಿಗಳಲ್ಲೆಲ್ಲ ಮೊದಲಕ್ಷರ, ಕೊನೆಯಕ್ಷರ ಒಂದೇ. ಹೊಟ್ಟೆಯೊಳಗೆ ಮಾತ್ರ ಅದಲು ಬದಲು. ಹಾಗಾಗಿ ಬರೆದವನ ಕಣ್ಣು ತಾನು ಬರೆಯಬೇಕೆಂದುಕೊಂಡಿದ್ದನ್ನೇ ಓದುತ್ತದೆ. ಕಂಪ್ಯೂಟರಿನ ಸ್ಪೆಲ್ ಚೆಕ್ ಪದ ತನ್ನ ಪಟ್ಟಿಯಲ್ಲಿದೆಯೇ ಎಂದು ಮುಖ್ಯವಾಗಿ ನೋಡುತ್ತದೆ. ಎರಡೂ ಪಟ್ಟಿಯಲ್ಲಿರುವ ಪದಗಳೇ ಆದ್ದರಿಂದ ಕೆಂಪು ಗೆರೆ ಬರುವುದಿಲ್ಲ. ಸಂದರ್ಭ ನೋಡಿ ಎಚ್ಚರಿಸುವ ಹೊಸ ತಂತ್ರಾಂಶಗಳಿವೆ, ಆದರೆ ಪರೀಕ್ಷಾ ಕೊಠಡಿಗೆ ಅವು ನಮ್ಮ ಜೊತೆ ಬರುವುದಿಲ್ಲವಲ್ಲ!

ಒಂದೇ ತಾಯಿಯ ಮೂವರು ಮಕ್ಕಳು

ಆ ದಿನದಿಂದ ಇಂಥ ಪದಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲು ಶುರು ಮಾಡಿದೆ. ಬರೀ ಅರ್ಥ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತಿತ್ತು. ಪದದ ಹುಟ್ಟೂರು ಹುಡುಕಿದಾಗ ನೆನಪು ಉಳಿಯತೊಡಗಿತು.

ನಮ್ಮ ರೆಸ್ಯೂಮೆಗಳಲ್ಲಿ ಆಗಾಗ ಕಾಣುವ ತಪ್ಪು ‘ಕ್ವೈಟ್’ನದು. ‘ನನಗೆ ಸಾಕಷ್ಟು ಆತ್ಮವಿಶ್ವಾಸವಿದೆ’ ಎಂದು ಬರೆಯಲು ಹೋಗಿ ‘ನಾನು ಮೌನ ಆತ್ಮವಿಶ್ವಾಸಿ’ ಎಂದು ಬರೆದಿರುತ್ತೇವೆ. ಕ್ವಯಟ್ ಎಂದರೆ ಮೌನ, ಕ್ವೈಟ್ ಎಂದರೆ ಸಾಕಷ್ಟು, ಕ್ವಿಟ್ ಎಂದರೆ ಬಿಡು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿರುವುದು ಈ ಕೊನೆಯದು. ಸ್ವಾರಸ್ಯವೆಂದರೆ ಮೂರೂ ಒಂದೇ ಲ್ಯಾಟಿನ್ ಪದದಿಂದ ಬಂದವು. ‘ಕ್ವಿಯೇಟಸ್’ ಎಂದರೆ ವಿಶ್ರಾಂತಿಯಲ್ಲಿರುವ, ಯಾವ ಹಂಗೂ ಇಲ್ಲದ ಎಂದರ್ಥ. ಸದ್ದಿನ ಹಂಗಿಲ್ಲದ್ದು ಕ್ವಯಟ್. ಹಂಗು ಕಳಚಿಕೊಂಡು ಹೊರಡುವುದು ಕ್ವಿಟ್. ಬಾಕಿಯಿಲ್ಲದೆ ಪೂರ್ತಿಯಾದದ್ದು ಕ್ವೈಟ್. ಗುರುತು ಬೇಕೆಂದರೆ ಪ್ರಾಸ ಹಿಡಿಯಿರಿ: ಡಯಟ್–ಕ್ವಯಟ್, ಕೈಟ್–ಕ್ವೈಟ್, ಸಿಟ್–ಕ್ವಿಟ್. ಉಚ್ಚಾರ ಸರಿಯಾದರೆ ಕೊನೆಯ ಅಕ್ಷರಗಳೂ ತಾವಾಗಿಯೇ ಸರಿಯಾಗುತ್ತವೆ.

ಇನ್ನು ಟ್ರಯಲ್ ಮತ್ತು ಟ್ರೇಲ್. ಬಟ್ಟೆ ಅಂಗಡಿಯೊಂದರಲ್ಲಿ ಉಡುಪು ಹಾಕಿ ನೋಡುವ ಕೋಣೆಯ ಬಾಗಿಲಿಗೆ ‘ಟ್ರೇಲ್ ರೂಮ್’ ಎಂಬ ಅಚ್ಚುಕಟ್ಟಾದ ಬೋರ್ಡ್ ಇದ್ದದ್ದನ್ನು ನೋಡಿದ್ದೇನೆ. ಟ್ರಯಲ್ ಬಂದಿದ್ದು ‘ಟ್ರೈ’ನಿಂದ. ಆ ಪದಕ್ಕೆ ಹಳೆಯ ಫ್ರೆಂಚ್‌ನಲ್ಲಿ ಆರಿಸು, ಜರಡಿ ಹಿಡಿ ಎಂಬರ್ಥವಿತ್ತು. ಕೋರ್ಟಿನ ವಿಚಾರಣೆಗೂ ಟ್ರಯಲ್ ಎನ್ನುತ್ತಾರಲ್ಲ, ಅದೂ ಕಾಳು–ಜೊಳ್ಳು ಬೇರೆ ಮಾಡುವ ಕೆಲಸವೇ. ಟ್ರೇಲ್ ಎಂದರೆ ಹಿಂದೆ ಎಳೆದುಕೊಂಡು ಹೋಗುವುದು, ಹಾಗೆ ಹೋದಾಗ ಉಳಿಯುವ ಜಾಡು. ಎಳೆಯುವುದು ಎಂಬರ್ಥದ ಲ್ಯಾಟಿನ್ ಮೂಲದಿಂದಲೇ ಟ್ರ್ಯಾಕ್ಟರ್, ಟ್ರೈನ್, ಟ್ರೇಲರ್ ಎಲ್ಲವೂ ಬಂದಿವೆ. ಸಿನಿಮಾ ಟ್ರೇಲರ್‌ಗೆ ಆ ಹೆಸರು ಬಂದಿದ್ದೂ ಹಿಂದೆ ಅದನ್ನು ಸಿನಿಮಾ ಮುಗಿದ ಮೇಲೆ, ಬಾಲದಂತೆ ತೋರಿಸುತ್ತಿದ್ದ ಕಾರಣಕ್ಕೆ. ಟ್ರೇಲ್ ಪದದೊಳಗೆ ರೈಲು ಅಡಗಿದೆ, ನೋಡಿ. ರೈಲು ಕಂಡರೆ ಅದು ದಾರಿ, ಕಾಣದಿದ್ದರೆ ಅದು ಪರೀಕ್ಷೆ.

ಹುಟ್ಟುಹಬ್ಬದ ಸ್ಟೇಟಸ್‌ಗಳಲ್ಲಿ ಗೆಳತಿಯನ್ನು ‘ಏಂಜಲ್’ ಎನ್ನಲು ಹೋಗಿ ‘ಆ್ಯಂಗಲ್’ ಮಾಡುವವರಿಗೂ ಕೊರತೆಯಿಲ್ಲ. ಏಂಜಲ್ ಗ್ರೀಕ್ ಮೂಲದ್ದು, ಸಂದೇಶ ತರುವವನು ಎಂದರ್ಥ. ಆ್ಯಂಗಲ್ ಲ್ಯಾಟಿನ್ ಮೂಲದ್ದು, ಮೂಲೆ ಎಂದರ್ಥ. ಈ ಗೊಂದಲಕ್ಕೆ ಸಾವಿರದ ನಾನೂರು ವರ್ಷಗಳ ಹಳೆಯ ಕಥೆಯೂ ಇದೆ. ರೋಮಿನ ಮಾರುಕಟ್ಟೆಯಲ್ಲಿ ಮಾರಾಟಕ್ಕಿಟ್ಟಿದ್ದ ಗುಲಾಮ ಹುಡುಗರನ್ನು ಕಂಡ ಗ್ರೆಗೊರಿ ಎಂಬ ಪಾದ್ರಿ ಇವರು ಯಾರು ಎಂದು ಕೇಳಿದರಂತೆ. ಆ್ಯಂಗಲ್ ಜನಾಂಗದವರು ಎಂಬ ಉತ್ತರ ಬಂದಾಗ, ಮುಖವೂ ದೇವದೂತರದ್ದೇ ಎಂದು ಅವರು ಪದದಾಟ ಆಡಿದರಂತೆ. ಅದೇ ಗ್ರೆಗೊರಿ ಮುಂದೆ ಪೋಪ್ ಆಗಿ ಕಳುಹಿಸಿದ ತಂಡ 597ರಲ್ಲಿ ಇಂಗ್ಲೆಂಡ್ ತಲುಪಿತು. ಇಂಗ್ಲೆಂಡ್, ಇಂಗ್ಲಿಷ್ ಎಂಬ ಹೆಸರುಗಳು ಬಂದಿದ್ದು ಆ ಜನಾಂಗದಿಂದಲೇ.

ನಾಲ್ಕು ಸುಲಭ ಉಪಾಯಗಳು

ಎಸ್‌ಎಸ್‌ಸಿ, ಬ್ಯಾಂಕಿಂಗ್‌ನಂಥ ಪರೀಕ್ಷೆಗಳ ಇಂಗ್ಲಿಷ್ ವಿಭಾಗಕ್ಕೆ ಓದುವವರಿಗೆ ನನಗೆ ಉಪಯೋಗಕ್ಕೆ ಬಂದ ಕೆಲವು ಮಾತು ಹೇಳುತ್ತೇನೆ.

ಒಂದು, ಬರೆದ ತಕ್ಷಣ ಓದಬೇಡಿ. ಒಂದು ರಾತ್ರಿ ಬಿಟ್ಟು ಓದಿ. ಎರಡು, ಕೊನೆಯ ವಾಕ್ಯದಿಂದ ಮೊದಲ ವಾಕ್ಯದತ್ತ ಹಿಂದು ಹಿಂದಾಗಿ ಓದಿ. ಅರ್ಥದ ಓಟ ನಿಂತಾಗ ಅಕ್ಷರ ಕಾಣುತ್ತದೆ. ಮೂರು, ನೀವು ಯಾವಾಗಲೂ ತಪ್ಪುವ ಪದಗಳು ಹೆಚ್ಚೆಂದರೆ ಹತ್ತು ಇರಬಹುದು. ಪಟ್ಟಿ ಮಾಡಿಕೊಂಡು, ಟೈಪ್ ಮಾಡಿದ ಪುಟದಲ್ಲಿ ಅವನ್ನು ಮಾತ್ರ ಸರ್ಚ್ ಮಾಡಿ ನೋಡಿ. ನಾಲ್ಕು, ನೆನಪಿನ ಗುರುತುಗಳನ್ನು ಕನ್ನಡದಲ್ಲೇ ಕಟ್ಟಿಕೊಳ್ಳಿ.

ನನ್ನ ಗುರುತು ಇದು. ಪುಸ್ತಕದ ಡೈರಿಯಲ್ಲಿ ಐ ಮೊದಲು ಬರುತ್ತದೆ. ಐ ಎಂದರೆ ನಾನು, ಅಲ್ಲಿ ಬರೆಯುವುದು ನನ್ನ ಕಥೆ. ಹಾಲಿನ ಡೇರಿಯಲ್ಲಿ ಎ ಮೊದಲು. ಎ ಎಂದರೆ ಎಮ್ಮೆ! ಎಮ್ಮೆ ಮೊದಲೋ, ನಾನು ಮೊದಲೋ ಎಂದು ಕೇಳಿಕೊಂಡರೆ ಸಾಕು. ಆಮೇಲೆ ಒಮ್ಮೆಯೂ ತಪ್ಪಿಲ್ಲ.

ಅಮ್ಮನ ಲೆಕ್ಕ

ಆ ಸಂದರ್ಶನದ ಕಥೆಯನ್ನು ಮನೆಯಲ್ಲಿ ಹೇಳಲು ನಾಚಿಕೆಯಾಗಿ ಬಹಳ ದಿನ ಸುಮ್ಮನಿದ್ದೆ. ಕೊನೆಗೊಂದು ಸಂಜೆ ಅಮ್ಮನಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಹಾಲಿನ ಕ್ಯಾನ್ ತೊಳೆಯುತ್ತಾ, ‘ಅಲ್ಲ ಕಣೋ, ನಿಮ್ಮಪ್ಪ ಯಾವತ್ತು ಡೈರಿಗೆ ಹೋಗಿದ್ದಾರೆ? ಹಾಲು ಹಾಕೋದು ನಾನಲ್ವಾ?’ ಎಂದಳು.

ಮಾತೇ ಹೊರಡಲಿಲ್ಲ. ಬೆಳಿಗ್ಗೆ, ಸಂಜೆ ಹಾಲು ಕರೆದು, ಹೊತ್ತು ಕೊಂಡೊಯ್ದು, ಸಾಲಿನಲ್ಲಿ ನಿಂತು ಫ್ಯಾಟ್ ಬರೆಸಿಕೊಂಡು ಬರುವವಳು ಅಮ್ಮ. ನನ್ನ ಡಿಗ್ರಿ ಫೀಸು ಹೋಗಿದ್ದು ಆ ದುಡ್ಡಿನಲ್ಲೇ. ಆದರೂ ಮೂರು ರಾತ್ರಿ ಕುಳಿತು ಬರೆದ ವಾಕ್ಯದಲ್ಲಿ ಅಭ್ಯಾಸಬಲದಿಂದ ‘ನನ್ನ ತಂದೆ’ ಎಂದು ಬರೆದಿದ್ದೆ. ಆ ತಪ್ಪನ್ನು ಕಂಪ್ಯೂಟರೂ ಹಿಡಿಯಲಿಲ್ಲ, ಎದುರು ಕುಳಿತ ಮೂವರೂ ಹಿಡಿಯಲಿಲ್ಲ.

ಅಂದು ರಾತ್ರಿ ಎರಡೂ ಪದಗಳ ಮೂಲ ಹುಡುಕಿದೆ. ಹಿಂದೆ ಇಂಗ್ಲಿಷಿನಲ್ಲಿ ‘ಡೇ’ ಎಂದು ಕರೆಯುತ್ತಿದ್ದದ್ದು ಹಾಲು, ಬೆಣ್ಣೆಯ ಕೆಲಸ ಮಾಡುವ ಹೆಣ್ಣಾಳನ್ನು. ಅವಳು ಕೆಲಸ ಮಾಡುವ ಜಾಗವೇ ಡೇರಿ. ಇನ್ನೂ ಹಿಂದಕ್ಕೆ ಹೋದರೆ ಆ ಪದಕ್ಕೆ ಹಿಟ್ಟು ನಾದುವವಳು ಎಂಬ ಅರ್ಥವಿತ್ತು. ಡೈರಿ ಬಂದಿದ್ದು ದಿನ ಎಂಬರ್ಥದ ಲ್ಯಾಟಿನ್ ಪದದಿಂದ. ಮೊದಲು ಅದರರ್ಥ ದಿನದ ಪಡಿ, ದಿನದ ಸಂಬಳ ಎಂದಿತ್ತು.

ಅಮ್ಮ ಹಾಲಿನ ಲೆಕ್ಕವನ್ನು ಹಳೆಯ ಡೈರಿಯೊಂದರಲ್ಲಿ ಬರೆದಿಡುತ್ತಾಳೆ. ಒಂದೊಂದು ದಿನಕ್ಕೂ ಎಷ್ಟು ಲೀಟರ್, ಎಷ್ಟು ಬಾಕಿ ಎಂದು. ಈಚೆಗೆ ಇನ್ನೊಂದು ಕಡೆ ಅರ್ಜಿ ಹಾಕಿದ್ದೇನೆ. ಅದೇ ವಾಕ್ಯವನ್ನು ಮತ್ತೆ ಬರೆದೆ. ಈ ಸಲ ಎರಡು ತಿದ್ದುಪಡಿ ಮಾಡಿದ್ದೇನೆ.